ನಡುವಿಗೆ ಬೇಡ, ತಿರುಗುವ ಕೆಲಸ

(ಬೆಳಗಾವಿಯ ಟಿಳಕವಾಡಿಯಲ್ಲಿ ಗಾಲ್ಫ್ ಆಡುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಮಾಡಿ ತೋರಿಸಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಎಲ್ಲವೂ ಬಲಗೈ ಆಟಗಾರರ ಲೆಕ್ಕ. ಎಡಗೈಯವರು ಎಡ-ಬಲ ಅದಲು ಬದಲು ಮಾಡಿಕೊಂಡು ಓದಿ.)

ಎಲ್ಲರಿಗೂ ನಮಸ್ಕಾರ.

ಸೈನ್ಯದ ಕ್ಯಾಂಪಿನ ಕಡೆಯಿಂದ ಬಂದ ನಿವೃತ್ತ ಅಧಿಕಾರಿಗಳಿದ್ದೀರಿ. ಉದ್ಯಮಬಾಗದ ಫೌಂಡ್ರಿಯಿಂದ ನೇರ ಇಲ್ಲಿಗೆ ಬಂದವರಿದ್ದೀರಿ. ಡಾಕ್ಟರುಗಳೂ ಇದ್ದೀರಿ, ಹಾಗಾಗಿ ಮೂಳೆ ಕೀಲುಗಳ ಹೆಸರು ಹೇಳುವಾಗ ಸ್ವಲ್ಪ ಹುಷಾರಾಗಿರುತ್ತೇನೆ. ನಾನು ಗಾಲ್ಫ್ ಕೋಚ್ ಅಲ್ಲ. ಫಿಸಿಯೋಥೆರಪಿ ನನ್ನ ಕಸುಬು. ಗ್ರಿಪ್ ಹೇಗಿರಬೇಕು, ಯಾವ ಐರನ್ ಕ್ಲಬ್ (ಹೊಡೆಯುವ ಕೋಲು) ತೆಗೆಯಬೇಕು ಅಂತ ಕೇಳಿದರೆ ನಿಮ್ಮ ಕೋಚ್ ಕಡೆ ಬೆರಳು ತೋರಿಸುತ್ತೇನೆ. ಆದರೆ ಬ್ಯಾಕ್‌ಸ್ವಿಂಗ್‌ನಲ್ಲಿ (ಹೊಡೆಯುವ ಮೊದಲು ಕ್ಲಬ್ ಹಿಂದಕ್ಕೆ ಎತ್ತುವಾಗ) ಮೈ ಯಾಕೆ ತಿರುಗುತ್ತಿಲ್ಲ ಅನ್ನುವುದಕ್ಕೆ ಉತ್ತರ ಬಹಳ ಸಲ ಕೀಲುಗಳಲ್ಲೇ ಇರುತ್ತದೆ. ಅದರ ಬಗ್ಗೆ ಮಾತ್ರ ಇವತ್ತಿನ ಮಾತು.

ನನ್ನ ಹತ್ತಿರ ಬರುವ ಗಾಲ್ಫ್ ಆಟಗಾರರಲ್ಲಿ ಜಾಸ್ತಿ ಜನ ನಡು ಹಿಡಿದುಕೊಂಡೇ ಬರುತ್ತಾರೆ. ಗಾಲ್ಫ್ ಆಡುವವರಿಗೆ ಕೆಳಬೆನ್ನಿನ ನೋವು ಪ್ರಪಂಚದ ಎಲ್ಲ ಕಡೆ ಮಾಮೂಲಿ. ವಿಚಾರಿಸಿದರೆ ಕಥೆ ಹೆಚ್ಚುಕಮ್ಮಿ ಒಂದೇ. ಯಾರೋ ಹೇಳಿರುತ್ತಾರೆ, ‘ನೀವು ತಿರುಗುವುದೇ ಇಲ್ಲ, ಪೂರ್ತಿ ತಿರುಗಿ’ ಅಂತ. ಇವರು ನಡು ಹಿಂಡಿಕೊಂಡು ತಿರುಗುತ್ತಾರೆ. ಚೆಂಡು ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೇ ಹೋಗುತ್ತದೆ. ನಡು ಮಾತ್ರ ಹಿಡಿದುಕೊಳ್ಳುತ್ತದೆ.

ಈಗ ಒಂದು ಚಿಕ್ಕ ಲೆಕ್ಕ ನೋಡೋಣ. ಒಳ್ಳೆಯ ಆಟಗಾರನ ಭುಜ ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ಸುಮಾರು 90 ಡಿಗ್ರಿ ತಿರುಗಿರುತ್ತದೆ. ಹಿಪ್, ಅಂದರೆ ತೊಡೆ ಸೇರುವ ಸೊಂಟದ ಭಾಗ, ಸುಮಾರು 45 ಡಿಗ್ರಿ. ಅಂದರೆ ಅರ್ಧ ತಿರುಗು ಹಿಪ್‌ನಿಂದ ಕೆಳಗೆ ಬಂತು. ಉಳಿದ 45 ಬೆನ್ನುಮೂಳೆಯಿಂದ ಬರಬೇಕು. ಬೆನ್ನುಮೂಳೆಯಲ್ಲಿ ಎಲ್ಲಿಂದ? ನಡುವಿನಲ್ಲಿ ಐದು ಮಣಿಗಳಿವೆ. ಒಂದೊಂದು ಕೀಲು ತಿರುಗುವುದು ಎರಡು ಡಿಗ್ರಿ ಆಸುಪಾಸು. ಎಲ್ಲ ಕೂಡಿಸಿದರೂ ಹತ್ತು ಹನ್ನೆರಡು. ಅಲ್ಲಿನ ಕೀಲುಗಳ ಜೋಡಣೆಯೇ ಹಾಗಿದೆ. ಮುಂದೆ ಬಾಗುವುದಕ್ಕೆ, ಹಿಂದೆ ಬಾಗುವುದಕ್ಕೆ ಅವು ಆರಾಮಾಗಿ ಬಿಟ್ಟುಕೊಡುತ್ತವೆ. ತಿರುಚಲು ಹೋದರೆ ಮೂಳೆಗೆ ಮೂಳೆ ತಾಗಿ ನಿಂತುಬಿಡುತ್ತದೆ. ಅದರ ಮೇಲೆ, ಪಕ್ಕೆಲುಬು ಅಂಟಿಕೊಂಡಿರುವ ಎದೆ ಭಾಗದ ಬೆನ್ನಿನಲ್ಲಿ, ಹನ್ನೆರಡು ಮಣಿಗಳಿವೆ. ಅವೆಲ್ಲ ಸೇರಿ ಸುಮಾರು 35 ಡಿಗ್ರಿ ಕೊಡುತ್ತವೆ. 45, 35, ಹತ್ತು. ಕೂಡಿಸಿ ನೋಡಿ, 90 ಆಯಿತು. ಬೆನ್ನಿನ ರೆಕ್ಕೆ ಮೂಳೆ ಪಕ್ಕೆಲುಬಿನ ಮೇಲೆ ಜಾರಿ ಎಡಭುಜವನ್ನು ಇನ್ನಷ್ಟು ಮುಂದಕ್ಕೆ ತರುತ್ತದೆ. ಅದನ್ನು ಬೋನಸ್ ಅಂದುಕೊಳ್ಳಿ.

ಈ ಲೆಕ್ಕದಲ್ಲಿ ನಡುವಿನ ಪಾಲು ಎಷ್ಟು ಸಣ್ಣದು ನೋಡಿದಿರಲ್ಲ? ಹಿಪ್ 45ರ ಬದಲು 25 ಮಾತ್ರ ಕೊಟ್ಟಿತು ಅಂತ ಇಟ್ಟುಕೊಳ್ಳಿ. ಎದೆ ಭಾಗ 35ರ ಬದಲು 20 ಕೊಟ್ಟಿತು. ಖೋತಾ ಬಿದ್ದ 35 ಡಿಗ್ರಿಯನ್ನು ಯಾರು ತುಂಬಬೇಕು? ನಡು ತುಂಬಲು ಹೋದರೆ ನೋವು. ಕೈ ತುಂಬಲು ಹೋದರೆ ಸ್ಲೈಸ್, ಅಂದರೆ ಚೆಂಡು ಬಲಕ್ಕೆ ಹೊರಳುವ ಹೊಡೆತ.

ಕೈ ತುಂಬುವುದು ಅಂದರೆ ಏನು ಅಂತ ಹೇಳುತ್ತೇನೆ. ಮೈ ಅರ್ಧಕ್ಕೇ ನಿಂತಿತು. ಕ್ಲಬ್ ಇನ್ನೂ ಮೇಲೆ ಹೋಗಬೇಕು ಅಂತ ಮನಸ್ಸು ಹೇಳುತ್ತದೆ. ಆಗ ಕೈ ಎರಡನ್ನೂ ಸುಮ್ನೆ ಮೇಲಕ್ಕೆ ಎತ್ತುತ್ತೀರಿ. ಕ್ಲಬ್ ತಲೆಯ ಮೇಲೆ ಬಂದಿರುತ್ತದೆ, ಎದೆ ಮಾತ್ರ ಇನ್ನೂ ಚೆಂಡಿನ ಕಡೆಗೇ ಇರುತ್ತದೆ. ಅಲ್ಲಿಂದ ಇಳಿಯುವಾಗ ಬಲಭುಜಕ್ಕೆ ಇರುವುದು ಒಂದೇ ದಾರಿ, ಹೊರಗೆ ಹಾರಿ ಚೆಂಡಿನ ಆಚೆಯಿಂದ ಒಳಗೆ ಕೊಯ್ದುಕೊಂಡು ಬರುವುದು. ಕ್ಲಬ್‌ನ ಮುಖ ಆ ದಾರಿಗೆ ತೆರೆದಿದ್ದರೆ ಚೆಂಡು ಎಡಕ್ಕೆ ಹೊರಟು ಬಲಕ್ಕೆ ಹೊರಳಿ ಪೊದೆ ಸೇರುತ್ತದೆ. ಮೇಲಿಂದ ಇಳಿದು ಚೆಂಡು ಮುಟ್ಟುವುದಕ್ಕೆ ಬೇಕಾಗುವುದು ಕಾಲು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಯಾರೂ ಯೋಚಿಸಿ ತಿದ್ದಿಕೊಳ್ಳಲು ಆಗುವುದಿಲ್ಲ. ತಿದ್ದುವುದಿದ್ದರೆ ಹಿಂದಕ್ಕೆ ಹೋಗುವಾಗಲೇ ತಿದ್ದಬೇಕು.

ನಡು ತಿರುಗದೇ ಗಾಲ್ಫ್ ಆಗುತ್ತಾ ಅಂತ ಅನುಮಾನ ಇರುವವರಿಗೆ ಟೈಗರ್ ವುಡ್ಸ್ ಉದಾಹರಣೆ ಸಾಕು. 2017ರ ಏಪ್ರಿಲ್‌ನಲ್ಲಿ ಅವರ ನಡುವಿನ ಕಟ್ಟಕಡೆಯ ಕೀಲನ್ನು ಆಪರೇಷನ್ ಮಾಡಿ ಕೂಡಿಸಿಬಿಟ್ಟರು. ಆ ಕೀಲು ಇನ್ನು ಅಲುಗಾಡುವುದೇ ಇಲ್ಲ. 2019ರ ಏಪ್ರಿಲ್‌ನಲ್ಲಿ ಅವರು ಗಾಲ್ಫ್‌ನ ದೊಡ್ಡ ಟೂರ್ನಿಗಳಲ್ಲಿ ಒಂದಾದ ಮಾಸ್ಟರ್ಸ್ ಗೆದ್ದರು. ಒಂದು ಕೀಲು ಕಟ್ಟಿಹಾಕಿಸಿಕೊಂಡವರು ಉಳಿದ ಕಡೆಯಿಂದ ತಿರುಗು ತಂದುಕೊಂಡರು. ನಮಗೆ ಐದೂ ಚೆನ್ನಾಗಿರುವಾಗಲೇ ಅವುಗಳ ಮೇಲಿನ ಭಾರ ಇಳಿಸಿಕೊಳ್ಳುವುದು ಜಾಣತನ ಅಲ್ವಾ?

ಈಗ ಎಲ್ಲರೂ ಕುರ್ಚಿಯ ಅಂಚಿಗೆ ಬನ್ನಿ. ಹಿಂದಿನ ಸಾಲಿನವರೂ ಬನ್ನಿ, ನಾಚಿಕೆ ಬೇಡ. ಮೊಣಕಾಲು ಎರಡೂ ಕೂಡಿಸಿ. ಕೈಗಳನ್ನು ಎದೆಯ ಮೇಲೆ ಅಡ್ಡ ಇಡಿ. ಮೊದಲು ಬೆನ್ನು ಗೂನು ಮಾಡಿ, ಲೆಡ್ಜರ್ ಬರೆಯುವವರ ಹಾಗೆ ಮುಂದೆ ಕುಗ್ಗಿ ಕೂರಿ. ಹಾಗೇ ಬಲಕ್ಕೆ ತಿರುಗಿ. ಎಲ್ಲಿ ನಿಂತಿತು ನೋಡಿಕೊಳ್ಳಿ. ಯಾರಾದರೊಬ್ಬರ ಮುಖವೋ ಕಿಟಕಿಯೋ ಗುರುತಿಟ್ಟುಕೊಳ್ಳಿ. ವಾಪಸ್ ಬನ್ನಿ. ಈಗ ನೆತ್ತಿಯನ್ನು ಯಾರೋ ಮೇಲಕ್ಕೆ ಎಳೆದಂತೆ ನೆಟ್ಟಗೆ ಕೂತು, ಉಸಿರು ಬಿಡುತ್ತಾ ತಿರುಗಿ.

ನಗು ಕೇಳಿಸುತ್ತಿದೆ! ಗುರುತು ದಾಟಿ ಹೋದಿರಿ ಅಂತ ಅರ್ಥ. ಯಾವ ವ್ಯಾಯಾಮವನ್ನೂ ಮಾಡಲಿಲ್ಲ, ಕೂರುವ ರೀತಿ ಬದಲಾಯಿತು ಅಷ್ಟೇ. ಗೂನು ಬೆನ್ನು ತಿರುಗುವುದಿಲ್ಲ. ದಿನವೆಲ್ಲ ಕಂಪ್ಯೂಟರ್ ಮುಂದೆ, ಕಾರಿನ ಸ್ಟೇರಿಂಗ್ ಮುಂದೆ ಇದೇ ಗೂನಿನಲ್ಲಿ ಕೂತು, ಸಂಜೆ ಚೆಂಡಿನ ಮುಂದೆಯೂ ಅದೇ ಗೂನಿನಲ್ಲಿ ನಿಲ್ಲುತ್ತೇವೆ. ಚೆಂಡಿಗೆ ಬಾಗುವಾಗ ಬಾಗಬೇಕಾದ್ದು ಹಿಪ್ ಕೀಲಿನಲ್ಲಿ. ಪೃಷ್ಠ ಹಿಂದಕ್ಕೆ ಹೋಗಬೇಕು, ಬೆನ್ನು ಉದ್ದವಾಗಿಯೇ ಇರಬೇಕು. ನೆಟ್ಟಗೆ ಕೂತು ತಿರುಗಿದಾಗ ಎರಡೂ ಕಡೆ 45 ಡಿಗ್ರಿ ಹತ್ತಿರ ಹೋದರೆ ನಿಮ್ಮ ಮೇಲ್ಬೆನ್ನು ಗಾಲ್ಫ್‌ಗೆ ಸಾಕು. ಬಲಕ್ಕೆ ಕಡಿಮೆಯಾಗಿ ಎಡಕ್ಕೆ ಜಾಸ್ತಿ ಇದ್ದರೆ ಎಲ್ಲಿ ಕೆಲಸ ಮಾಡಬೇಕು ಅನ್ನುವುದೂ ಗೊತ್ತಾಯಿತು.

ಮೇಲಿನದ್ದು ಆಯಿತು. ನನಗೆ ಜಾಸ್ತಿ ಮಾತಾಡಬೇಕಿರುವುದು ಹಿಪ್ ಬಗ್ಗೆ.

ನಾವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವವರು. ನಮ್ಮ ಹಿಪ್ ಸಡಿಲ ಇರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅರ್ಧ ನಿಜ. ಚಕ್ಕಳಮಕ್ಕಳ ಕೂತಾಗ ತೊಡೆ ಹೊರಕ್ಕೆ ಹೊರಳುತ್ತದೆ. ಬ್ಯಾಕ್‌ಸ್ವಿಂಗ್‌ನಲ್ಲಿ ಬಲಗಾಲಿನ ಮೇಲೆ ಮೈ ಬಲಕ್ಕೆ ತಿರುಗುವಾಗ ಬಲ ಹಿಪ್‌ಗೆ ಬೇಕಾಗುವುದು ಒಳಕ್ಕೆ ಹೊರಳುವ ಗುಣ. ಇವೆರಡೂ ಬೇರೆ ಬೇರೆ. ಪದ್ಮಾಸನ ಸಲೀಸಾಗಿ ಹಾಕುವವರ ಹಿಪ್ ಕೂಡ ಒಳಕ್ಕೆ ಹೊರಳದೆ ಬಿಗಿಯಾಗಿರುವುದನ್ನು ನೋಡಿದ್ದೇನೆ. ಪರೀಕ್ಷೆ ಸುಲಭ. ಎತ್ತರದ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂರಿ. ಮೊಣಕಾಲುಗಳು ಅಂಟಿಕೊಂಡಿರಲಿ. ಬಲ ಪಾದವನ್ನು ಹೊರಗೆ, ಬಲಕ್ಕೆ ಎತ್ತಿ. ಪಾದ ಹೊರಗೆ ಹೋಗುವಾಗ ಮೇಲೆ ತೊಡೆ ಒಳಕ್ಕೆ ಹೊರಳುತ್ತಿರುತ್ತದೆ. 35ರಿಂದ 45 ಡಿಗ್ರಿ ಬಂದರೆ ಚೆನ್ನಾಗಿದೆ. ಪಾದ ನಾಲ್ಕು ಬೆರಳು ಸರಿದು ನಿಂತುಬಿಟ್ಟರೆ, ನಿಮ್ಮ ಬ್ಯಾಕ್‌ಸ್ವಿಂಗ್ ಯಾಕೆ ಮೊಟಕಾಗಿದೆ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ಹಿಪ್ ತಿರುಗದಿದ್ದಾಗ ಮೈ ಇನ್ನೊಂದು ದಾರಿ ಹುಡುಕುತ್ತದೆ. ತಿರುಗುವ ಬದಲು ಪಕ್ಕಕ್ಕೆ ಸರಿಯುತ್ತದೆ. ಭಾರ ಬಲಗಾಲಿನ ಹೊರ ಅಂಚಿಗೆ ಹೋಗುತ್ತದೆ. ಆಡುವವರಿಗೆ ತಿರುಗಿದಂತೆಯೇ ಅನಿಸುತ್ತದೆ, ವಿಡಿಯೋ ನೋಡಿದರೆ ಗೊತ್ತಾಗುತ್ತದೆ. ಇದಕ್ಕೆ ಮನೆಯ ಗೋಡೆಗಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಗೋಡೆಗೆ ಬೆನ್ನು ಮಾಡಿ, ಪೃಷ್ಠಕ್ಕೂ ಗೋಡೆಗೂ ಎರಡು ಬೆರಳು ಜಾಗ ಬಿಟ್ಟು, ಚೆಂಡಿಗೆ ಬಾಗುವಂತೆ ಬಾಗಿ ನಿಲ್ಲಿ. ಕೈ ಎದೆಯ ಮೇಲಿರಲಿ. ಬಲಕ್ಕೆ ತಿರುಗಿದಾಗ ಬಲ ಪೃಷ್ಠ ಹಿಂದಕ್ಕೆ ಹೋಗಿ ಗೋಡೆ ಮುಟ್ಟಬೇಕು. ಎಡಭಾಗ ಗೋಡೆಯಿಂದ ಇನ್ನೂ ದೂರ ಹೋಗಬೇಕು. ಮುಟ್ಟದೆ ಗೋಡೆಯ ಉದ್ದಕ್ಕೂ ಬಲಕ್ಕೆ ಸರಿದಿರೋ, ಸರಿದಿದ್ದು ನಿಮಗೇ ತಿಳಿಯುತ್ತದೆ. ಭಾರ ಬಲ ಹಿಮ್ಮಡಿಯ ಒಳಭಾಗದಲ್ಲಿ ಇರಬೇಕು.

ಹಿಪ್ ಬಿಗಿ ಇರುವವರಿಗೆ ಇವತ್ತೇ ಲಾಭ ಕೊಡುವ ಎರಡು ಬದಲಾವಣೆ ಇವೆ. ಒಂದು, ಬಲ ಪಾದವನ್ನು ಇಪ್ಪತ್ತು ಡಿಗ್ರಿಯಷ್ಟು ಹೊರಕ್ಕೆ ತೆರೆದು ನಿಲ್ಲುವುದು. ಕೀಲು ಸ್ವಲ್ಪ ಹೊರಗಿನಿಂದ ಶುರುವಾಗುವುದರಿಂದ ಒಳಕ್ಕೆ ಹೊರಳಲು ಅಷ್ಟು ಜಾಗ ಹೆಚ್ಚು ಸಿಗುತ್ತದೆ. ಇನ್ನೊಂದು, ಎಡ ಹಿಮ್ಮಡಿ ಏಳಲು ಬಿಡುವುದು, ಆಗ ಹಿಪ್ ಇನ್ನಷ್ಟು ತಿರುಗುತ್ತದೆ. ಬಲ ಮೊಣಕಾಲು ಒಂಚೂರು ನೆಟ್ಟಗಾದರೂ ಪರವಾಗಿಲ್ಲ, ಪೂರ್ತಿ ಬೀಗ ಹಾಕಿದಂತೆ ಬಿಗಿಯಬಾರದು ಅಷ್ಟೇ.

ಹಿಮ್ಮಡಿ ಎತ್ತಬಹುದು ಅಂದ ತಕ್ಷಣ ಕೆಲವರ ಹುಬ್ಬೂ ಎದ್ದವು. ಅದಕ್ಕೆ ಕಾರಣ ಗೊತ್ತು. 1992ರಲ್ಲಿ ಅಮೆರಿಕದ ಕೋಚ್ ಜಿಮ್ ಮೆಕ್ಲೀನ್ ಒಂದು ವಿಚಾರ ಮುಂದಿಟ್ಟರು. ಭುಜದ ತಿರುಗಿಗೂ ಹಿಪ್ ತಿರುಗಿಗೂ ಇರುವ ಅಂತರಕ್ಕೆ ಎಕ್ಸ್ ಫ್ಯಾಕ್ಟರ್ ಎಂದು ಹೆಸರಿಟ್ಟರು. ದೂರ ಹೊಡೆಯುವ ವೃತ್ತಿಪರರಲ್ಲಿ ಈ ಅಂತರ ದೊಡ್ಡದು ಅನ್ನುವುದು ಅವರ ಮಾತು. ಒದ್ದೆ ಪಂಜೆ ಹಿಂಡುವಾಗ ಒಂದು ತುದಿ ಗಟ್ಟಿಯಾಗಿ ಹಿಡಿದರೇ ನೀರು ಇಳಿಯುವುದು, ಹಾಗೆ. ವಿಚಾರ ಸುಳ್ಳಲ್ಲ. ಆದರೆ ಅದನ್ನು ಕೇಳಿದ ಹವ್ಯಾಸಿಗಳು ಹಿಪ್ ಕಟ್ಟಿಹಾಕಿ ಭುಜ ಮಾತ್ರ ತಿರುಗಿಸಲು ಹೊರಟರು. ಇಪ್ಪತ್ತೈದರ ಹುಡುಗ, ದಿನಾ ಜಿಮ್‌ನಲ್ಲಿ ಇರುವವನು, ಅದನ್ನು ತಡೆದುಕೊಂಡಾನು. 55ರ ನಮ್ಮ ನಡು ಪಂಜೆಯಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಐವತ್ತು ದಾಟಿದ, ಕುರ್ಚಿ ಕೆಲಸದ ಯಾರೂ ಹಿಪ್ ತಡೆಯಲು ಹೋಗಬಾರದು.

ಹಳಬರು ತಡೆಯಲಿಲ್ಲ. ಅಮೆರಿಕದ ಆಟಗಾರ ಸ್ಯಾಮ್ ಸ್ನೀಡ್ ಎಡ ಹಿಮ್ಮಡಿ ಎತ್ತಿ ಧಾರಾಳವಾಗಿ ತಿರುಗುತ್ತಿದ್ದರು. 1965ರಲ್ಲಿ, 52ನೇ ವಯಸ್ಸಿನಲ್ಲಿ, ವೃತ್ತಿಪರರ ಪಿಜಿಎ ಟೂರ್‌ನಲ್ಲಿ ಗೆದ್ದರು. ಜ್ಯಾಕ್ ನಿಕ್ಲಾಸ್ ಹಿಮ್ಮಡಿಯೂ ಏಳುತ್ತಿತ್ತು. 1986ರಲ್ಲಿ ಮಾಸ್ಟರ್ಸ್ ಗೆದ್ದಾಗ ಅವರಿಗೆ 46.

ಹಾಗಂತ ಎಲ್ಲರೂ 90 ಡಿಗ್ರಿ ಮುಟ್ಟಲೇಬೇಕು ಅನ್ನುವ ಹಟವೂ ಬೇಡ. ಸ್ಪೇನಿನ ಜಾನ್ ರಾಮ್ ಬ್ಯಾಕ್‌ಸ್ವಿಂಗ್ ನೋಡಿ, ಮೋಟು. ಹುಟ್ಟುವಾಗಲೇ ಅವರ ಬಲ ಪಾದ ತಿರುಚಿತ್ತು, ಆ ಕಾಲಿನ ಹರಡು ಪೂರ್ತಿ ಆಡುವುದಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ತಮ್ಮ ಮೈ ಎಷ್ಟು ಬಿಡುತ್ತದೋ ಅಷ್ಟರಲ್ಲೇ ಸ್ವಿಂಗ್ ಕಟ್ಟಿಕೊಂಡು 2021ರಲ್ಲಿ ಯುಎಸ್ ಓಪನ್, 2023ರಲ್ಲಿ ಮಾಸ್ಟರ್ಸ್ ಗೆದ್ದರು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವವರ ಪೈಕಿ ಅಲ್ಲವೇ ಅಲ್ಲ. ಆದರೂ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಮೋಟು ಬ್ಯಾಕ್‌ಸ್ವಿಂಗ್ ತಪ್ಪಲ್ಲ. ತಿರುಗದೆ ಬರೀ ಕೈ ಎತ್ತಿ ಅದನ್ನು ಉದ್ದ ಮಾಡುವುದು ತಪ್ಪು.

ಯಾರೂ ಗಮನ ಕೊಡದ ಒಂದು ಜಾಗ ಉಳಿಯಿತು, ಕುತ್ತಿಗೆ. ‘ತಲೆ ಅಲುಗಿಸಬೇಡಿ, ಚೆಂಡು ಬಿಡಬೇಡಿ’ ಅಂತ ಎಲ್ಲರೂ ಹೇಳುತ್ತಾರೆ. ಯೋಚಿಸಿ ನೋಡಿ. ಭುಜ 90 ಡಿಗ್ರಿ ಬಲಕ್ಕೆ ಹೋಯಿತು, ಮುಖ ಚೆಂಡಿನ ಮೇಲೇ ಇದೆ. ಅಂದರೆ ಭುಜದ ಲೆಕ್ಕದಲ್ಲಿ ಕುತ್ತಿಗೆ 90 ಡಿಗ್ರಿ ಎಡಕ್ಕೆ ತಿರುಗಿದ ಹಾಗಾಯಿತು. ಆರೋಗ್ಯವಂತ ಕುತ್ತಿಗೆಯೂ ಅಷ್ಟು ಹೋಗುವುದಿಲ್ಲ, ಎಪ್ಪತ್ತು ಎಂಬತ್ತಕ್ಕೆ ನಿಲ್ಲುತ್ತದೆ. ಸ್ಪಾಂಡಿಲೈಟಿಸ್ ಇರುವವರದ್ದು ಐವತ್ತಕ್ಕೇ ನಿಲ್ಲಬಹುದು. ಕುತ್ತಿಗೆ ನಿಂತಲ್ಲಿ ಭುಜವೂ ನಿಲ್ಲುತ್ತದೆ. ಹಿಪ್, ಬೆನ್ನು ಎರಡೂ ಸಡಿಲ ಇದ್ದೂ ತಿರುಗಲಾಗದವರಲ್ಲಿ ಬಹಳ ಸಲ ಕಾರಣ ಇದೇ. ತಲೆ ಭುಜದ ಜೊತೆ ಸ್ವಲ್ಪ ಬಲಕ್ಕೆ ಹೊರಳಲಿ. ಎಡಗಣ್ಣಿಗೆ ಚೆಂಡು ಕಂಡರೆ ಸಾಕು. ನಿಕ್ಲಾಸ್ ಕ್ಲಬ್ ಎತ್ತುವ ಮೊದಲೇ ಗದ್ದವನ್ನು ಬಲಕ್ಕೆ ಹೊರಳಿಸಿಕೊಳ್ಳುತ್ತಿದ್ದರು.

ಇದರ ಜೊತೆಗೇ ಕನ್ನಡಕದ ವಿಷಯ. ಎರಡು ಪವರ್ ಇರುವ ಕನ್ನಡಕದಲ್ಲಿ ಕೆಳಭಾಗ ಓದುವುದಕ್ಕೆ ಇರುತ್ತದೆ. ಚೆಂಡು ನೋಡಲು ಕಣ್ಣು ಕೆಳಗೆ ಹೊರಳಿಸಿದರೆ ಆ ಭಾಗದಲ್ಲಿ ಚೆಂಡು ಮಸುಕು. ಮೇಲಿನ ಭಾಗದಿಂದ ನೋಡಲು ಗದ್ದವನ್ನು ಎದೆಗೆ ಒತ್ತಿಕೊಳ್ಳುತ್ತೀರಿ. ಎಡಭುಜ ಬಂದು ಗದ್ದಕ್ಕೆ ಬಡಿಯುತ್ತದೆ, ತಿರುಗು ಅಲ್ಲಿಗೆ ಮುಗಿಯಿತು. ಆಟಕ್ಕೆ ದೂರದ ಪವರ್ ಮಾತ್ರ ಇರುವ ಕನ್ನಡಕ ಬೇರೆ ಮಾಡಿಸಿಕೊಳ್ಳಿ. ದೂರ ಹೊಡೆಯುವ ಹೊಸ ಡ್ರೈವರ್ ಕ್ಲಬ್‌ಗಿಂತ ಅಗ್ಗ.

ಬೆಳಗಾವಿಯ ಮಳೆಗಾಲ ನಿಮಗೆಲ್ಲ ಗೊತ್ತಿರುವುದೇ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ನೆಲ ಆರುವುದಿಲ್ಲ. ಆಟ ಇಲ್ಲ ಅಂತ ಬೇಸರ ಮಾಡುವ ಬದಲು ಈ ತಿಂಗಳುಗಳನ್ನು ಕೀಲುಗಳಿಗೆ ಕೊಡಿ. ಸಾಮಾನು ಏನೂ ಬೇಡ, ಬಾಗಿಲ ಹಿಂದಿನ ಉದ್ದ ಛತ್ರಿ ಇದ್ದರೆ ಆಯಿತು.

ಮೇಲ್ಬೆನ್ನಿಗೆ ಮಲಗಿ ಮಾಡುವುದು ಒಳ್ಳೆಯದು. ಎಡ ಮಗ್ಗುಲಿಗೆ ಮಲಗಿ, ಮೊಣಕಾಲು ಮಡಚಿ ಮುಂದೆ ತನ್ನಿ, ನಡುವೆ ಒಂದು ದಿಂಬು ಹಿಡಿದುಕೊಳ್ಳಿ. ಎರಡೂ ಕೈ ಮುಂದೆ ಚಾಚಿ. ಬಲಗೈಯನ್ನು ಮೇಲಕ್ಕೆತ್ತಿ ನಿಧಾನವಾಗಿ ಹಿಂದಕ್ಕೆ ತೆರೆಯುತ್ತಾ ಹೋಗಿ. ಕಣ್ಣು ಕೈಯನ್ನೇ ಹಿಂಬಾಲಿಸಲಿ. ಮೊಣಕಾಲು ದಿಂಬು ಬಿಟ್ಟು ಎದ್ದರೆ ನಡು ಕಳ್ಳತನ ಮಾಡುತ್ತಿದೆ ಅಂತ ಅರ್ಥ, ಅಲ್ಲೇ ನಿಲ್ಲಿಸಿ. ಅಲ್ಲಿ ಎರಡು ಉಸಿರು ಬಿಟ್ಟು ವಾಪಸ್ ಬನ್ನಿ. ಹಿಪ್‌ಗೆ ಅಂಗಾತ ಮಲಗಿ ಮೊಣಕಾಲು ಮಡಚಿ, ಪಾದಗಳನ್ನು ಭುಜಕ್ಕಿಂತ ಅಗಲವಾಗಿ ಊರಿ. ಬಲ ಮೊಣಕಾಲನ್ನು ಒಳಕ್ಕೆ, ನೆಲದ ಕಡೆ ಬೀಳಲು ಬಿಡಿ. ಒತ್ತಬೇಡಿ, ತನ್ನ ಭಾರಕ್ಕೆ ತಾನೇ ಇಳಿಯಲಿ.

ಛತ್ರಿ ಬೇಕಾಗುವುದು ಆಮೇಲೆ. ಎರಡು ಭುಜಗಳ ಮುಂದೆ ಅದನ್ನು ಅಡ್ಡ ಹಿಡಿದು, ಹಿಡಿ ಎಡಕ್ಕೆ ಬರುವಂತೆ, ಕೈ ಕಟ್ಟಿ ನಿಲ್ಲಿ. ಚೆಂಡಿನ ಜಾಗದಲ್ಲಿ ಒಂದು ಲೋಟ ಇಡಿ. ಬಾಗಿ ತಿರುಗಿ. ತುದಿಯಲ್ಲಿ ಛತ್ರಿಯ ಹಿಡಿ ಲೋಟದ ಕಡೆಗೋ ಅದರ ಸ್ವಲ್ಪ ಆಚೆಗೋ ತೋರಿಸಬೇಕು. ಎದುರಿನ ಗೋಡೆ ತೋರಿಸಿದರೆ ನೀವು ಬಾಗಿದ್ದನ್ನು ಬಿಟ್ಟು ಎದ್ದುಬಿಟ್ಟಿದ್ದೀರಿ. ನಿಮ್ಮ ಕಾಲ್ಬೆರಳು ತೋರಿಸಿದರೆ ಎಡಭುಜ ಬಿದ್ದಿದೆ, ತಿರುಗಿಲ್ಲ. ಟಿವಿಯಲ್ಲಿ ಸುದ್ದಿ ಓಡುವಾಗ ಇದನ್ನು ಮಾಡಬಹುದು, ಮನೆಯವರು ನಗುತ್ತಾರೆ, ನಗಲಿ.

ಆಡುವ ದಿನ ಒಂದು ಮಾತು. ಕಾರಿನಿಂದ ಇಳಿದವರೇ ಡ್ರೈವರ್ ಕೈಗೆ ತೆಗೆದುಕೊಳ್ಳಬೇಡಿ. ಐದು ನಿಮಿಷ ನಡೆದು, ಅರ್ಧ ಸ್ವಿಂಗ್ ಹಾಕಿ, ಆಮೇಲೆ ಪೂರ್ತಿ ಸ್ವಿಂಗ್‌ಗೆ ಹೋಗಿ. ಗ್ರಿಪ್ ಹಿಂಡಿ ಹಿಡಿದರೆ ಮುಂಗೈ ಬಿಗಿಯುತ್ತದೆ, ಭುಜ ಬಿಗಿಯುತ್ತದೆ, ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

ಮುಂದಿನ ಸಾಲಿನ ಹಿರಿಯರು ಕೇಳಿದರು: “ಅಲ್ರೀ ಸರ, ನಾ ದಿನಾ ಮುಂಜಾನೆ ಸೂರ್ಯ ನಮಸ್ಕಾರ ಹಾಕ್ತೀನಿ. ಅದ ಸಾಕಾಗಂಗಿಲ್ಲೇನ್ರಿ?”

ಖಂಡಿತ ಬಿಡಬೇಡಿ ಅಂದೆ. ಆದರೆ ಅದರಲ್ಲಿ ಇರುವುದು ಮುಂದೆ ಬಾಗುವುದು, ಹಿಂದೆ ಬಾಗುವುದು. ಪಕ್ಕಕ್ಕೆ ತಿರುಗುವ ಒಂದು ಭಂಗಿಯೂ ಇಲ್ಲ. ಎಣಿಸಿ ನೋಡಿ ಅಂದಾಗ ಅವರು ಬೆರಳು ಮಡಚುತ್ತಾ ಎಣಿಸಿ, “ಹೌದಲ್ರೀ!” ಅಂದರು. ವಕ್ರಾಸನ ಸೇರಿಸಿಕೊಳ್ಳಬಹುದು. ಬೆನ್ನು ಉದ್ದ ಇಟ್ಟುಕೊಂಡು ಮಾಡಿ. ಕೈಯಿಂದ ಮೊಣಕಾಲು ಎಳೆದು ಬಲವಂತವಾಗಿ ತಿರುಗಿದರೆ ಏಟು ಮತ್ತೆ ನಡುವಿಗೇ.

ಯುವಕನೊಬ್ಬ ಎದ್ದ. “ನಮ್ಮ ಕಾಕಾ ಗರಡಿ ಮನಿಗೆ ಹೋಗ್ತಾರ್ರಿ. ಗದಾ ತಿರುವಿದ್ರ ಗಾಲ್ಫಿಗೆ ಉಪಯೋಗ ಆಕ್ಕೇತೇನ್ರಿ?”

ಆಗುತ್ತದೆ. ಗದೆ ತಲೆಯ ಹಿಂದಿನಿಂದ ಸುತ್ತಿ ಬರುವಾಗ ಭುಜ, ರೆಕ್ಕೆ ಮೂಳೆ ಎರಡೂ ಚೆನ್ನಾಗಿ ಸಡಿಲಾಗುತ್ತವೆ. ಹಗುರವಾದದ್ದರಿಂದ ಶುರು ಮಾಡು, ಕಾಕಾ ಎದುರು ನಿಂತು ಕಲಿತುಕೋ, ಎರಡೂ ಕಡೆ ಸಮ ತಿರುವು. ಗಾಲ್ಫ್ ಒಂದೇ ಕಡೆಯ ಆಟವಾದ್ದರಿಂದ ಇನ್ನೊಂದು ಕಡೆಗೆ ಕೆಲಸ ಕೊಡುವ ಯಾವ ವ್ಯಾಯಾಮವೂ ಒಳ್ಳೆಯದೇ.

ಕೊನೆಗೆ ಒಬ್ಬರು ಹೆಂಗಸು ಕೇಳಿದ್ದು: “ನಮ್ಮ ಮನಿಯವರಿಗೆ ನಡು ನೋವು ಐತ್ರಿ. ಈ ವ್ಯಾಯಾಮ ಅವರೂ ಮಾಡಬಹುದೇನ್ರಿ?”

ಆಡಿದ ಮರುದಿನ ನಡು ಬಿಗಿ ಅನಿಸಿ ಎರಡು ದಿನಕ್ಕೆ ಸರಿಹೋಗುವ ನೋವಾದರೆ ಮಾಡಬಹುದು, ನಿಧಾನವಾಗಿ. ಆದರೆ ನೋವು ಪೃಷ್ಠದಿಂದ ಇಳಿದು ಮೊಣಕಾಲಿನ ಕೆಳಗೆ ಹೋಗುತ್ತಿದ್ದರೆ, ಪಾದಕ್ಕೆ ಜೋಮು ಹಿಡಿಯುತ್ತಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ ಯಾವ ತಿರುಗೂ ಬೇಡ, ಕ್ಲಬ್ ಕೂಡ ಮುಟ್ಟಬಾರದು. ಮೊದಲು ಮೂಳೆ ಡಾಕ್ಟರ್ ಹತ್ತಿರ ತೋರಿಸಿ. ಮೂತ್ರ ಕಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಅಥವಾ ಕಾಲಿನ ಬಲ ಹೋದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅದೇ ಗಳಿಗೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.